ದಾರಿಯ ಒಡೆಯರಾರು?

ಅನ್ಯರ ಸ್ವತ್ತಿಗೆ ಕೈಯಿಡಬಾರದೆಂಬ ನೀತಿಯನ್ನು ಅರಿಯದ ಮನುಷ್ಯನು ಯಾವ ಊರಿನಲ್ಲಿಯೂ ಇಲ್ಲ. ಕೂಸಿಗೆ ಮಾತು ಬಂದ ಬಳಿಕ ತಾಯಿಯು ಕಲಿಸುವ ಮೊದಲನೆಯ ಪಾಠಗಳಲ್ಲಿ ಅದೂ ಒಂದು. ನೆರೆಯವನ ಹೊಲದೊಳಗಿನ ಒಂದು ಹಿಡಿ ತೊಗರಿಯನ್ನು ಹೇಳದೆ ಕೇಳದೆ ಕಿತ್ತುಕೊಳ್ಳುವದಕ್ಕೆ ನಾಚುವ ಗೃಹಸ್ಥನು, ತನ್ನ ಮನೆಯ ಮುಂದಿನ ದಾರಿಯಲ್ಲಿ ಒಂದು ಗಜ ನೆಲವನ್ನು ಒಳಗು ಮಾಡಿಕೊಳ್ಳುವಾಗ ಮಾತ್ರ ಎಳ್ಳಷ್ಟೂ ನಾಚುವದಿಲ್ಲ. ಅವನು ಕಳ್ಳನಲ್ಲ, ಊರವರು ಅವನನ್ನು ಹಾಗೆಂದು ಕರೆಯುವದೂ ಇಲ್ಲ. ಹೀಗಿರಲು, ಒಂದು ಹಿಡಿ ಕಾಳಿನಲ್ಲಿ ಕಂಡ ಪಾಪವು ಒಂದು ಗಜ ನೆಲದಲ್ಲಿ ಕಾಣದೆ ಹೋಗುವದು ಹೇಗೆ? ಈ ಪ್ರಶ್ನೆಯು ಕೋರ್ಟು ಕಚೇರಿಗಳಿಗೆ ಮಾತ್ರ ಸಂಬಂಧಪಟ್ಟದ್ದಲ್ಲ, ಧರ್ಮವಿಚಾರಕ್ಕೂ ಸಂಬಂಧಪಟ್ಟದ್ದು.

ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿರುವ ಕುರಕುಂಟಾದ ಸೀಮೆಯನ್ನೇ ದೃಷ್ಟಾಂತಕ್ಕಾಗಿ ತೆಗೆದುಕೊಳ್ಳಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಈ ಭಾಗವು ಸುಣ್ಣಗಲ್ಲಿನ ನಾಡು. ಶಹಾಬಾದಿ ಫರಸಿಯೆಂದು ದೂರದ ಪಟ್ಟಣಗಳಲ್ಲಿಯೂ ಹೆಸರಾದ ಕಲ್ಲು ಇಲ್ಲಿ ನೆಲಕ್ಕೂ ಗೋಡೆಗೂ ಒದಗುವದು. ಅದೇ ಕಲ್ಲು ಮನೆಯ ಮುಂದಣ ಕಟ್ಟೆಗೂ ಒದಗುವದು. ಇಂಥ ಊರುಗಳಲ್ಲಿ ದಾರಿಯ ಅತಿಕ್ರಮಣವು ಒಂದೇ ದಿವಸದಲ್ಲಿ ನಡೆಯುವಂಥದಲ್ಲ. ಮೊದಲು ದಾರಿಯ ಅಂಚಿನಲ್ಲಿ ಎತ್ತು ಕಟ್ಟುವದಕ್ಕೆ ಒಂದು ಗೂಟ. ಕೆಲವು ಕಾಲದ ಮೇಲೆ ಮಳೆಗಾಲದ ಕೆಸರು ಒಳಗೆ ಬಾರದಿರಲೆಂದು ನಾಲ್ಕು ಫರಸಿ. ಆ ಮೇಲೆ ಮುದುಕರು ಕುಳಿತುಕೊಳ್ಳಲೆಂದು ಕಟ್ಟೆ. ಕಟ್ಟೆಗೆ ನೆರಳಾಗಲೆಂದು ತಗಡು. ತಗಡಿಗೆ ಆಧಾರವಾಗಲೆಂದು ಗೋಡೆ. ಒಂದೊಂದು ಹೆಜ್ಜೆಗೂ ಒಂದೊಂದು ಒಳ್ಳೆಯ ಕಾರಣವಿರುವದು. ಐದೂ ಹೆಜ್ಜೆಗಳು ಮುಗಿದ ಮೇಲೆ ಮಾತ್ರ, ಎರಡು ಬಂಡಿಗಳು ಎದುರುಬದುರಾಗಿ ಹಾಯುತ್ತಿದ್ದ ದಾರಿಯಲ್ಲಿ ಒಂದು ಬಂಡಿಯು ಹಾಯುವದೂ ಕಷ್ಟವಾಯಿತೆಂಬುದು ಜನರಿಗೆ ತಿಳಿಯುವದು.

ಇದೇ ಕುರಕುಂಟಾದ ಬದಿಯಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುದಾರಿಯಿರುವದು. ನಿಜಾಮರ ರಾಜ್ಯದಲ್ಲಿ 1874ರಲ್ಲಿ ತೆರೆಯಲ್ಪಟ್ಟ ಆ ಹಳಿಗಳ ಮೇಲೆ ಕಟ್ಟೆ ಕಟ್ಟುವ ಸಾಹಸವನ್ನು ಯಾರೂ ಮಾಡಲಾರರು. ಹಳಿಯೂ ಸರಕಾರದ್ದೇ, ದಾರಿಯೂ ಸರಕಾರದ್ದೇ. ಆದಾಗ್ಯೂ ಒಂದರಲ್ಲಿ ಅಂಜಿಕೆಯುಂಟು, ಮತ್ತೊಂದರಲ್ಲಿ ಇಲ್ಲ. ಕಾರಣವೇನೆಂದರೆ, ರೈಲು ಪಕ್ಕಕ್ಕೆ ಸರಿಯಲಾರದು. ದಾರಿಹೋಕನು ಸರಿದುಕೊಂಡು ಹೋಗುವನು. ಅವನ ಸೌಜನ್ಯವೇ ಅವನ ಹಕ್ಕಿಗೆ ಮುಳುವಾಗುವದು. ಬಲವುಳ್ಳದ್ದರ ಸೀಮೆಯನ್ನು ಮನ್ನಿಸಿ, ಸರಿದು ನಡೆಯುವವನ ಸೀಮೆಯನ್ನು ಒತ್ತುವದು ಧರ್ಮವೆನಿಸದು. ಅದು ಕೇವಲ ಭಯದ ಲೆಕ್ಕಾಚಾರ.

ಅತಿಕ್ರಮಣವನ್ನು ಸಮರ್ಥಿಸುವವರ ಮೊದಲನೆಯ ಮಾತು ಇದು: “ದಾರಿಯು ಸರಕಾರದ್ದು, ಸರಕಾರಕ್ಕೆ ಒಂದು ಗಜದಿಂದ ಏನು ಕಡಿಮೆಯಾದೀತು?” ಕಾಯಿದೆಯ ಮಾತೂ ಮೇಲುನೋಟಕ್ಕೆ ಹಾಗೆಯೇ ತೋರುವದು. ಅನ್ಯರ ಸ್ವತ್ತಲ್ಲದ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳೆಲ್ಲ ರಾಜ್ಯಸರಕಾರದ ಸ್ವತ್ತೆಂದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮು ಹೇಳುವದು. ಹೊಲದ ಕ್ಷೇತ್ರದೊಳಗೆ ದಾರಿಗಾಗಿ ಬಿಟ್ಟ ಗುಂಟೆಗಳನ್ನು ಕಂದಾಯದ ಲೆಕ್ಕದಲ್ಲಿ ‘ಬ’ ಖರಾಬೆಂದು ಬೇರೆಯಾಗಿಯೇ ತೋರಿಸುವರು. ಆದರೆ ಈ ಸರಕಾರವೆಂಬ ಒಡೆಯನು ಎಂಥವನು? ಕುರಕುಂಟಾದ ದಾರಿಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿತ್ತು. 1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. 1973ರಲ್ಲಿ ಆ ರಾಜ್ಯವು ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಆಳುವವರು ಬದಲಾದರು, ನಡೆಯುವವರ ಹಕ್ಕು ಬದಲಾಗಲಿಲ್ಲ. ಆದುದರಿಂದ ಸರಕಾರವು ದಾರಿಯ ಕಾವಲುಗಾರನೇ ಹೊರತು ಭೋಕ್ತಾರನಲ್ಲ. ಹೊಲಕ್ಕೆ ಹೋಗುವ ರೈತನು, ಶಾಲೆಗೆ ಹೋಗುವ ಹುಡುಗಿಯು, ಹೊತ್ತಲ್ಲದ ಹೊತ್ತಿನಲ್ಲಿ ಸೇಡಂದ ದವಾಖಾನೆಗೆ ಒಯ್ಯಲ್ಪಡುವ ಗರ್ಭಿಣಿಯು, ಅವಳ ಗರ್ಭದಲ್ಲಿಯ ಕೂಸು, ಇವರೆಲ್ಲರೂ ದಾರಿಯ ಒಡೆಯರು. ಒಬ್ಬನಿಂದ ಕದ್ದರೆ ಅವನೊಬ್ಬನು ಮೊರೆಯಿಡುವನು. ಸಾವಿರ ಜನರಿಂದ ಸಾಸಿವೆಯಷ್ಟು ಸಾಸಿವೆಯಷ್ಟು ಕದ್ದರೆ ಮೊರೆಯಿಡುವವರೇ ಇರುವದಿಲ್ಲ. ಮೊರೆ ಕೇಳಿಬಾರದ ಮಾತ್ರಕ್ಕೆ ಕಳವು ಕಳವಲ್ಲವೆನ್ನಬಹುದೆ? ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಜನರೂ ಸಣ್ಣ ಪಶುಗಳೂ ನಡೆಯುವ ದಾರಿಯನ್ನು ಕಟ್ಟಿದವನಿಗೆ 12 ಪಣ, ದೊಡ್ಡ ಪಶುಗಳ ದಾರಿಯನ್ನು ಕಟ್ಟಿದವನಿಗೆ 24 ಪಣ ದಂಡವನ್ನು ವಿಧಿಸಿದನು. ಕುರಿಯ ದಾರಿಗೂ ಬೆಲೆಯುಂಟೆಂದು ಬಗೆದ ಆ ಶಾಸ್ತ್ರಕಾರನು ದಾರಿಯ ಒಡೆಯರನ್ನು ಚೆನ್ನಾಗಿ ಗುರುತಿಸಿದ್ದನೆನ್ನಬೇಕು.

ಎರಡನೆಯ ಮಾತು ಕಾಲಕ್ಕೆ ಸಂಬಂಧಿಸಿದ್ದು: “ಅಜ್ಜನ ಕಾಲದಿಂದ ಇರುವ ಕಟ್ಟೆ, ಈ ವರೆಗೆ ಯಾರೂ ಕೇಳಲಿಲ್ಲ.” ಈ ಮಾತನ್ನು ಹಗುರಾಗಿ ತಳ್ಳಿಹಾಕಲಾಗದು. ದೀರ್ಘಕಾಲದ ಭೋಗಕ್ಕೆ ಯಾವ ಬೆಲೆಯೂ ಇಲ್ಲದಿದ್ದರೆ ಗೃಹಸ್ಥರಲ್ಲಿ ಯಾರೂ ನಿಶ್ಚಿಂತರಾಗಿ ಬಾಳಲಾರರು. ಈ ಪ್ರಶ್ನೆಯನ್ನು ಆಳವಾಗಿ ವಿಚಾರಿಸಿದ ಪಂಡಿತನು ಈ ಸೀಮೆಯವನೇ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಶಹಾಬಾದದ ಹತ್ತಿರದ ಮರತೂರಿನವನೆಂದು ಪ್ರತೀತಿಯುಂಟು. ಕಣ್ಣೆದುರಿಗೆ ಅನ್ಯನು ತನ್ನ ಭೂಮಿಯನ್ನು ಅನುಭವಿಸುತ್ತಿರಲು ಇಪ್ಪತ್ತು ವರ್ಷ ಸುಮ್ಮನಿದ್ದವನಿಗೆ ಹಾನಿಯುಂಟೆಂದು ಸ್ಮೃತಿಯು ಹೇಳುವದು. ಆ ಹಾನಿಯು ಭೂಮಿಯದಲ್ಲ, ಅದರ ಫಲದ್ದು ಮಾತ್ರ ಎಂದು ವಿಜ್ಞಾನೇಶ್ವರನು ಅರ್ಥಮಾಡಿದನು. ಅಷ್ಟೇ ಅಲ್ಲದೆ, ಸೀಮೆ, ಒತ್ತೆ, ಬಾಲಕರ ಸ್ವತ್ತು, ಅರಸನ ಸ್ವತ್ತು ಮೊದಲಾದವುಗಳನ್ನು ಸ್ಮೃತಿಯೇ ಈ ನಿಯಮದಿಂದ ಹೊರಗಿಟ್ಟಿರುವದು. ಬಾಲಕನ ಮೌನವು ಸಮ್ಮತಿಯಲ್ಲ, ಅಜ್ಞಾನ. ದಾರಿಯ ಒಡೆಯರಾದರೋ ಅಸಂಖ್ಯರು. ಅವರಲ್ಲಿ ಹಲವರು ಇನ್ನೂ ಹುಟ್ಟಿಯೇ ಇಲ್ಲ. ಅವರೆಲ್ಲರೂ ನೋಡಿಯೂ ಸುಮ್ಮನಿದ್ದರೆಂದು ಹೇಳುವದು ಹೇಗೆ? ಇಂದಿನ ಕಾಯಿದೆಯೂ ಈ ಭೇದವನ್ನು ಕೆಲಮಟ್ಟಿಗೆ ಒಪ್ಪಿರುವದು: 1963ರ ಕಾಲಮಿತಿ ಕಾಯಿದೆಯಂತೆ ಖಾಸಗಿ ಒಡೆಯನು ತನ್ನ ನೆಲವನ್ನು ಮರಳಿ ಕೇಳುವದಕ್ಕೆ 12 ವರ್ಷಗಳ ಅವಧಿಯಿದ್ದರೆ, ಸರಕಾರಕ್ಕೂ, ಸಾರ್ವಜನಿಕ ಬೀದಿಯ ಸಲುವಾಗಿ ಸ್ಥಳೀಯ ಸಂಸ್ಥೆಗಳಿಗೂ 30 ವರ್ಷಗಳ ಅವಧಿಯಿರುವದು.

ಮೂರನೆಯ ಮಾತು ಬಡವರದು. ಅದೇ ಎಲ್ಲಕ್ಕಿಂತ ತೂಕವುಳ್ಳದ್ದು. ತಲೆಯ ಮೇಲೆ ಸೂರಿಲ್ಲದವನು ದಾರಿಯ ಅಂಚಿನಲ್ಲಿ ಜೋಪಡಿ ಹಾಕಿಕೊಂಡರೆ ಅವನನ್ನೂ, ಇದ್ದ ಮನೆಗೆ ಇನ್ನೊಂದು ಅಂಗಡಿಯನ್ನು ಜೋಡಿಸಿ ಬಾಡಿಗೆ ತೆಗೆಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವಾಗದು. ಮುಂಬಯಿಯ ಪಾದಚಾರಿ ಮಾರ್ಗಗಳ ನಿವಾಸಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಎರಡು ಮಾತುಗಳನ್ನು ಕೂಡಿಯೇ ಹೇಳಿತು: ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿರುವದು, ಆದರೂ ಸಾರ್ವಜನಿಕ ಮಾರ್ಗದಲ್ಲಿ ಮನೆಮಾಡುವ ಹಕ್ಕು ಯಾರಿಗೂ ಇಲ್ಲ. ತೆರವು ಮಾಡಬಹುದು, ಆದರೆ ನ್ಯಾಯವಾದ ಕ್ರಮದಿಂದಲೇ ಮಾಡಬೇಕು ಎಂಬುದು ಅದರ ಸಾರ. ಗ್ರಾಮಗಳ ಸಾಮುದಾಯಿಕ ಭೂಮಿಗಳ ವಿಷಯದಲ್ಲಿ ಅದೇ ನ್ಯಾಯಾಲಯವು 2011ರಲ್ಲಿ, ಬಹುಕಾಲದ ಭೋಗವಾಗಲಿ ಕಟ್ಟಡಕ್ಕೆ ಸುರಿದ ಹಣವಾಗಲಿ ಅತಿಕ್ರಮಣವನ್ನು ಸಕ್ರಮಗೊಳಿಸುವದಕ್ಕೆ ಕಾರಣವಾಗಲಾರದೆಂದು ಹೇಳಿತು. ಭೂಹೀನ ಕೂಲಿಕಾರರಿಗೆ ಸರಕಾರವೇ ಕೊಟ್ಟ ನೆಲದಂಥ ಕೆಲವು ಪ್ರಸಂಗಗಳನ್ನು ಮಾತ್ರ ಬೇರೆಯಾಗಿ ಎಣಿಸಿತು. ಬಡವನಿಗೆ ನಿವೇಶನ ಕೊಡುವದು ಸಮಾಜದ ಋಣ. ಆ ಋಣವನ್ನು ತೀರಿಸದ ಸಮಾಜವು ಅವನಿಗೆ ದಾರಿಯನ್ನು ಬಿಟ್ಟುಕೊಟ್ಟು ಕೈತೊಳೆದುಕೊಂಡರೆ, ನಡೆಯುವವನಿಗೂ ಅನ್ಯಾಯ, ಲಾರಿಯ ಧೂಳಿನಲ್ಲಿ ಮಕ್ಕಳನ್ನು ಮಲಗಿಸುವ ಅವನಿಗೂ ಅನ್ಯಾಯ. ಇನ್ನು ಬಡತನದ ಮರೆಯಲ್ಲಿ ಉಳ್ಳವನು ನಿಲ್ಲುವದೂ, ದೇವರ ಹೆಸರಿನ ಮರೆಯಲ್ಲಿ ಭಕ್ತರು ನಿಲ್ಲುವದೂ ಉಂಟು. ಸಾರ್ವಜನಿಕ ಬೀದಿಗಳಲ್ಲಿ ಯಾವ ಮತದವರೂ ಅನಧಿಕೃತ ದೇವಸ್ಥಾನಗಳನ್ನು ಕಟ್ಟಕೂಡದೆಂದು 2009ರಲ್ಲಿ ಆಜ್ಞೆಯಾಗಿರುವದು. ಎಲ್ಲ ನೆಲವೂ ತನ್ನದೇ ಆಗಿರುವ ಪರಮಾತ್ಮನಿಗೆ ಅನ್ಯರ ದಾರಿಯ ಮೂರು ಗಜ ಬೇಕಾಗದು.

ಇಷ್ಟು ಹೇಳಿದ ಮೇಲೆ ಕಾವಲುಗಾರನ ತಪ್ಪನ್ನು ಮುಚ್ಚಿಡುವದು ಪಕ್ಷಪಾತವಾದೀತು. ಸರಕಾರವೂ ಅತಿಕ್ರಮಣ ಮಾಡಬಲ್ಲದು. ಉತ್ತರ ಪ್ರದೇಶದ ಮಹಾರಾಜಗಂಜದಲ್ಲಿ 2019ರಲ್ಲಿ ರಸ್ತೆಯ ಅಗಲೀಕರಣದ ನೆವದಿಂದ ಒಬ್ಬ ಗೃಹಸ್ಥನ ಮನೆಯನ್ನು ಲಿಖಿತ ನೋಟೀಸಿಲ್ಲದೆ ಕೆಡವಲಾಯಿತು. ಅಧಿಕಾರಿಗಳು ಹೇಳಿದ ಅತಿಕ್ರಮಣವು 3.70 ಮೀಟರು ಮಾತ್ರ; ಕೆಡವಿದ್ದು ಇಡೀ ಮನೆ. 2024ರ ನವಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಅವನಿಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿ, ಮುಂದಿನ ಕ್ರಮವನ್ನೂ ತಿಳಿಸಿತು: ಮೊದಲು ದಾಖಲೆಗಳಿಂದಲೂ ನಕಾಶೆಯಿಂದಲೂ ಇರುವ ರಸ್ತೆಯ ಅಗಲವನ್ನು ನಿಶ್ಚಯಿಸಬೇಕು; ಅಳತೆ ಮಾಡಬೇಕು; ಅತಿಕ್ರಮಣವಿದ್ದರೆ ನೋಟೀಸು ಕೊಟ್ಟು, ತಕರಾರನ್ನು ಕೇಳಿ, ಕಾರಣ ಹೇಳಿ ತೀರ್ಮಾನಿಸಬೇಕು; ಇರುವ ಅಗಲವು ಸಾಲದಿದ್ದರೆ ನೆಲವನ್ನು ಕಾಯಿದೆಯಂತೆ ಸ್ವಾಧೀನಪಡಿಸಿಕೊಳ್ಳಬೇಕು. ಈ ಕಡೆಯ ಮಾತು ಮುಖ್ಯವಾದದ್ದು. ದಾರಿಯನ್ನು ಒತ್ತಿದವನ ಕಟ್ಟೆಯನ್ನು ತೆಗೆಯುವದು ಬೇರೆ. ದಾರಿಯನ್ನು ಹಿರಿದು ಮಾಡುವದಕ್ಕಾಗಿ ನಿರಪರಾಧಿಯ ಅಂಗಳವನ್ನು ಕೇಳುವದು ಬೇರೆ. ಮೊದಲನೆಯದರಲ್ಲಿ ಗೃಹಸ್ಥನು ಋಣಿ. ಎರಡನೆಯದರಲ್ಲಿ ಸಮಾಜವು ಋಣಿ. ಇವೆರಡನ್ನೂ ಒಂದೇ ಹಾರೆಯಿಂದ ಅಗೆಯುವ ಅಧಿಕಾರಿಯು ದಾರಿಯ ಹೆಸರಿನಲ್ಲಿ ಧರ್ಮದ ಸೀಮೆಯನ್ನೇ ಒತ್ತುವನು.

ಹಾಗಾದರೆ ನ್ಯಾಯದ ಹಾದಿ ಯಾವದು? ಕಾವಲುಗಾರನು ಮಲಗಿದ್ದ ವರ್ಷಗಳಲ್ಲಿ, ಮನೆಗೆ ಕರವನ್ನೂ ವಸೂಲು ಮಾಡಿ, ದೀಪವನ್ನೂ ಕೊಟ್ಟು, ಕಟ್ಟೆಯನ್ನು ಕಂಡೂ ಕಾಣದಂತಿದ್ದರೆ, ಆ ವರ್ಷಗಳ ಫಲಕ್ಕಾಗಿ ಸಾಮಾನ್ಯ ಗೃಹಸ್ಥನನ್ನು ದಂಡಿಸುವದು ಕ್ರೌರ್ಯ. ಅರಸನ ಸ್ವತ್ತಿಗೆ ಸ್ಮೃತಿಯು ವಿನಾಯಿತಿ ಕೊಟ್ಟಿದ್ದರೂ, ಈ ಪ್ರಸಂಗದಲ್ಲಿ ವಿಜ್ಞಾನೇಶ್ವರನ ಸಾಮಾನ್ಯ ನಿಯಮವೇ ಹೆಚ್ಚು ದಯಾಪರವಾಗಿರುವದು: ಫಲವು ಹೋದದ್ದು ಹೋಗಲಿ, ಭೂಮಿಯು ಮರಳಿ ಬರಲಿ. ತಿಳಿದೂ ತಿಳಿದೂ, ಅಳತೆಯ ಕಲ್ಲನ್ನು ಕಿತ್ತು ಒತ್ತಿದವನಿಗೆ ಮಾತ್ರ ಈ ದಯೆಯು ಸಲ್ಲದು.

ಕಡೆಗೆ ಈ ವಿಚಾರವು ಕಚೇರಿಯಿಂದ ಮನೆಯ ಹೊಸ್ತಿಲಿಗೇ ಬಂದು ನಿಲ್ಲುವದು. ಅಧಿಕಾರಿಗೆ ಎಲ್ಲ ಓಣಿಗಳನ್ನೂ ಕಾಯಲು ಆಗದು. ದಾರಿಯನ್ನು ನಿತ್ಯವೂ ಕಾಣುವವನು ಅದರ ಬದಿಯ ಗೃಹಸ್ಥನೇ. ಪರಸ್ಥಳಕ್ಕೆ ಹೋಗುವವನು ನಂಬಿಗೆಯಿಂದ ನೆರೆಮನೆಯಲ್ಲಿ ಗಂಟು ಇಟ್ಟು ಹೋದಂತೆ, ಬಾರದಿರುವ ಜನರೆಲ್ಲರೂ ತಮ್ಮ ದಾರಿಯನ್ನು ಅವನ ಹೊಸ್ತಿಲಿನ ಮುಂದೆ ಇಟ್ಟು ಹೋಗಿರುವರು. ಇಟ್ಟ ಗಂಟನ್ನು ಬಿಚ್ಚದೆ ಕಾಯುವದೇ ನೆರೆಯವನ ಮರ್ಯಾದೆ. ಸರ್ವೇದವರು ಸರಪಳಿ ಹಿಡಿದು ಬರುವದಕ್ಕೆ ಮುಂಚೆಯೇ ನಾಲ್ಕು ಫರಸಿಗಳನ್ನು ತನ್ನ ಕೈಯಿಂದ ತಾನೇ ಎತ್ತಿ ಒಳಗಿಟ್ಟುಕೊಳ್ಳುವ ಗೃಹಸ್ಥನು ನೆಲವನ್ನು ಕಳೆದುಕೊಂಡವನಲ್ಲ. ಅವನ ಮನೆಯಿಂದ ಕೂಸು ಹೊತ್ತಲ್ಲದ ಹೊತ್ತಿನಲ್ಲಿ ದವಾಖಾನೆಗೆ ಹೊರಟಾಗ, ಮುಂದಿನ ಹತ್ತು ಮನೆಗಳವರೂ ಹಾಗೆಯೇ ಮಾಡಿರಲೆಂದು ಬಯಸುವ ಅಧಿಕಾರವನ್ನು ಪಡೆದವನು.