ರೋಗಿಯ ‘ಬೇಡ’ಕ್ಕೆ ಬೆಲೆಯೆಷ್ಟು?

ಕಬ್ಬಿನ ಹಂಗಾಮಿನಲ್ಲಿ ನಿಪ್ಪಾಣಿ ತಾಲೂಕಿನ ಭೋಜದಂತಹ ಊರಲ್ಲಿ ಟ್ರ್ಯಾಕ್ಟರ್ ಮಗುಚಿ ಒಬ್ಬನ ಕಾಲು ಜಜ್ಜಿಹೋಯಿತೆಂದು ಭಾವಿಸಿ. ಅವನನ್ನು ನಿಪ್ಪಾಣಿಗೆ, ಅಲ್ಲಿಂದ ಬೆಳಗಾವಿಗೋ ಕೊಲ್ಹಾಪುರಕ್ಕೋ ಸಾಗಿಸುತ್ತಾರೆ. ಕಾಲು ತೆಗೆಯದಿದ್ದರೆ ಜೀವಕ್ಕೆ ಅಪಾಯವೆಂದು ವೈದ್ಯರು ಹೇಳುತ್ತಾರೆ. ಅವನು ‘ಬೇಡ’ ಎನ್ನುತ್ತಾನೆ. ಅಣ್ಣ ಸಹಿ ಹಾಕಲು ಮುಂದಾಗುತ್ತಾನೆ. ತೀರ್ಮಾನ ಯಾರದು?

ಪ್ರವಾದಿವರ್ಯರ(ಸ) ಕೊನೆಯ ಕಾಯಿಲೆಯ ಘಟನೆಯೊಂದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಬೇಡವೆಂದು ಅವರು ಸನ್ನೆ ಮಾಡಿದರೂ ಮನೆಯವರು ಬಾಯಿಗೆ ಔಷಧ ಹಾಕಿದರು. ಔಷಧವೆಂದರೆ ರೋಗಿಗೆ ಆಗದಿರುವುದು ಸಹಜವೆಂದು ಅವರು ಭಾವಿಸಿದ್ದರು. ಚೇತರಿಸಿಕೊಂಡ ಪ್ರವಾದಿ(ಸ) ಅದನ್ನು ಆಕ್ಷೇಪಿಸಿದರು (ಬುಖಾರಿ). ಅಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ರೋಗಿಯ ನಿರಾಕರಣೆಗೆ ಮನೆಯವರು ತಾವೇ ಅರ್ಥ ಕಲ್ಪಿಸಿದ್ದರು, ಅಷ್ಟೆ.

ಹಾಗೆಂದು ಪ್ರತಿಯೊಂದು ‘ಬೇಡ’ವೂ ತೀರ್ಮಾನವಲ್ಲ. ರಕ್ತದಲ್ಲಿ ಸಕ್ಕರೆ ಕುಸಿದವನು ಸಿಟ್ಟಿನಿಂದ ಸೂಜಿಯನ್ನು ತಳ್ಳಬಹುದು. ಅದು ಕಾಯಿಲೆಯ ಮಾತು. ಗ್ಲೂಕೋಸ್ ಕೊಟ್ಟ ಬಳಿಕ ಅವನೇ ತಿಳಿಯಾಗಿ ಉತ್ತರಿಸಬಲ್ಲ. ಆದ್ದರಿಂದ ಪರೀಕ್ಷಿಸಬೇಕಾದುದು ಉತ್ತರವನ್ನಲ್ಲ, ಉತ್ತರಿಸುವ ಸಾಮರ್ಥ್ಯವನ್ನು. ಹೇಳಿದ್ದು ಅವನಿಗೆ ಅರ್ಥವಾಯಿತೇ? ಪರಿಣಾಮವನ್ನು ತೂಗಬಲ್ಲನೇ? ತನ್ನ ನಿರ್ಧಾರವನ್ನು ತಿಳಿಸಬಲ್ಲನೇ? 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಇಂತಹ ಅಳತೆಗೋಲನ್ನೇ ಕೊಡುತ್ತದೆ. ಗಾಯಾಳು ಇದರಲ್ಲಿ ಗೆದ್ದರೆ ಅಣ್ಣನ ಸಹಿಗೆ ಅಲ್ಲಿ ಸ್ಥಾನವಿಲ್ಲ. ನಮಗೆ ಅವನ ತೀರ್ಮಾನ ಒಪ್ಪಿಗೆಯಾಗದಿರುವುದು ಅವನ ಅಸಾಮರ್ಥ್ಯಕ್ಕೆ ಪುರಾವೆಯಲ್ಲ. ತಿಳಿಹೇಳಬಹುದು, ಬಲವಂತ ಮಾಡಬಾರದು.

ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಾಪಾಯವಿರಲಿಲ್ಲ, ಆಕೆ ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು. ತಾಯಿಯ ಒಪ್ಪಿಗೆ ಸಿಂಧುವಲ್ಲವೆಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪತ್ನಿಯ ಶಸ್ತ್ರಚಿಕಿತ್ಸೆಗೆ ತಮ್ಮ ಮಾತೇ ಸಾಕೆಂದು ತಿಳಿದ ಗಂಡಂದಿರು ಇದನ್ನು ಗಮನಿಸಬೇಕು.

ಪ್ರಜ್ಞೆಯಿಲ್ಲದವನ ವಿಷಯ ಬೇರೆ. ಅವನ ಜೀವ ಅಪಾಯದಲ್ಲಿದ್ದು, ಒಪ್ಪಿಗೆ ಪಡೆಯಲು ಸಮಯವಿಲ್ಲದಿದ್ದರೆ ವೈದ್ಯರು ಯಾರಿಗೂ ಕಾಯಬೇಕಿಲ್ಲ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1992ರಲ್ಲಿ ಜಿದ್ದಾದಲ್ಲಿ ಹೀಗೆಯೇ ನಿರ್ಣಯಿಸಿತು. ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ಸದುದ್ದೇಶದ ಇಂತಹ ಚಿಕಿತ್ಸೆಗೆ ರಕ್ಷಣೆ ನೀಡುತ್ತದೆ.

ಸಮಯವಿದ್ದಾಗ ಬಂಧುಗಳು ಮಾತಾಡಬೇಕಾಗುತ್ತದೆ. ಆದರೆ ಅದು ಅಧಿಕಾರವಲ್ಲ, ಅಮಾನತ್ತು. ‘ನನಗೇನು ಬೇಕು’ ಎಂಬುದಲ್ಲ, ‘ಅವನು ಮಾತಾಡಬಲ್ಲವನಾಗಿದ್ದರೆ ಏನೆನ್ನುತ್ತಿದ್ದ’ ಎಂಬುದೇ ಅಲ್ಲಿನ ಪ್ರಶ್ನೆ. ಖರ್ಚಿನ ಭಯವಾಗಲಿ, ಆಸ್ತಿಯ ಆಸೆಯಾಗಲಿ, ಊರವರ ಬಾಯಿಯಾಗಲಿ ಆ ಉತ್ತರವನ್ನು ಬರೆಯಬಾರದು.

ಆ ಉತ್ತರ ತಿಳಿಯಬೇಕಾದರೆ ಆರೋಗ್ಯವಿರುವಾಗಲೇ ಮನೆಯ ಹಿರಿಯರೊಡನೆ ಕುಳಿತು ಕೇಳಬೇಕು. ಸಾಲ, ವಸಿಯ್ಯತ್ತುಗಳ ಬಗ್ಗೆ ಮಾತಾಡುವ ನಾವು ಇದರ ಬಗ್ಗೆ ಮೌನವಾಗಿರುವುದೇಕೆ?