ಹೂಡಿ ತೊಟ್ಟವನ ಅಜ್ಞಾತವಾಸ

ವಿಜಯದಶಮಿಯ ದಿನ ಮೈಸೂರು ಅರಮನೆಯಿಂದ ಹೊರಟ ಜಂಬೂಸವಾರಿ ಸಯ್ಯಾಜಿರಾವ್ ರಸ್ತೆ ಹಿಡಿದು, ಬಂಬೂ ಬಜಾರ್, ಹೈವೇ ವೃತ್ತ ದಾಟಿ, ಸುಮಾರು 5 ಕಿಲೋಮೀಟರ್ ಸಾಗಿ ಬನ್ನಿಮಂಟಪ ಸೇರುತ್ತದೆ. ಸಂಜೆ ಅಲ್ಲಿನ ಮೈದಾನದಲ್ಲಿ ಪಂಜಿನ ಕವಾಯತು. ಪಾಸ್ ಸಿಕ್ಕಿತೋ ಇಲ್ಲವೋ ಎಂಬ ಗಡಿಬಿಡಿಯಲ್ಲಿ, ಮೆರವಣಿಗೆ ಅಲ್ಲಿಗೇ ಯಾಕೆ ಹೋಗಬೇಕು ಎಂದು ಕೇಳುವವರಿಲ್ಲ. ಕೇಳಿದರೆ ಉತ್ತರ ಮಕ್ಕಳಿಗೂ ಗೊತ್ತು. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟದ್ದು ಬನ್ನಿಮರದಲ್ಲಿ. ದಸರೆಯ ಕೊನೆಯಲ್ಲಿ ಮೈಸೂರಿನ ಅರಸರು ಇಲ್ಲಿಗೆ ಬಂದು ಪೂಜಿಸುತ್ತಿದ್ದದ್ದೂ ಬನ್ನಿಯನ್ನೇ.

ವಿರಾಟಪರ್ವದ ಆ ಭಾಗವನ್ನು ಇವತ್ತಿನ ಸೈಬರ್ ಭದ್ರತೆಯವರ ಮುಂದೆ ಓದಿದರೆ ಅವರು ಕಿವಿ ನಿಮಿರಿಸಿ ಕೂರುತ್ತಾರೆ. ಐವರೂ ತಮ್ಮತಮ್ಮೊಳಗೆ ಕರೆದುಕೊಳ್ಳಲು ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ಎಂಬ ಗುಟ್ಟಿನ ಹೆಸರು ಇಟ್ಟುಕೊಂಡರು; ಊರಿಗೆ ತೋರಿಸಲು ಕಂಕ, ವಲಲ, ಬೃಹನ್ನಳೆ ಎಂಬ ಬೇರೆ ಹೆಸರು. ಮರಕ್ಕೆ ಹೆಣವೊಂದನ್ನು ಕಟ್ಟಿ, ಎದುರಾದ ದನಗಾಹಿಗಳಿಗೆ ‘ಇವಳು ನಮ್ಮ ತಾಯಿ, 180 ವರ್ಷದವಳು, ಹೀಗೆ ಕಟ್ಟುವುದು ನಮ್ಮ ಕುಲಾಚಾರ’ ಎಂದು ಕಥೆ ಕಟ್ಟಿದರು. ನಾತಕ್ಕೆ ಹೆದರಿ ಯಾರೂ ಹತ್ತಿರ ಸುಳಿಯಲಿಲ್ಲ. ಬೀಗ ಒಡೆಯುವುದಕ್ಕಿಂತ ಬೀಗ ಕಾಯುವವನ ಮನಸ್ಸನ್ನು ತಿರುಗಿಸುವುದು ಸುಲಭ ಎನ್ನುವುದು ಹ್ಯಾಕರ್‌ಗಳ ಮೊದಲ ಪಾಠ. ಅವರು ಅದನ್ನು ಸೋಷಿಯಲ್ ಎಂಜಿನಿಯರಿಂಗ್ ಎನ್ನುತ್ತಾರೆ.

ಇದೇ ಪಾಠವನ್ನು ಅರೆದು ಕುಡಿದವನು ‘ಮಿಸ್ಟರ್ ರೋಬೋಟ್’ ಧಾರಾವಾಹಿಯ ನಾಯಕ ಎಲಿಯಟ್ ಆಲ್ಡರ್ಸನ್. ಸ್ಯಾಮ್ ಇಸ್ಮೈಲ್ ಸೃಷ್ಟಿಸಿದ ಈ ಅಮೆರಿಕನ್ ಧಾರಾವಾಹಿ 2015ರ ಜೂನ್‌ನಿಂದ 2019ರ ಡಿಸೆಂಬರ್‌ವರೆಗೆ 4 ಸೀಸನ್, 45 ಕಂತುಗಳಲ್ಲಿ ಪ್ರಸಾರವಾಯಿತು. ಎಲಿಯಟ್ ಆಗಿ ನಟಿಸಿದ ರಾಮಿ ಮಾಲೆಕ್ 2016ರಲ್ಲಿ ಎಮ್ಮಿ ಪ್ರಶಸ್ತಿ ಪಡೆದರು. ಎಲಿಯಟ್ ಹಗಲು ಸೈಬರ್ ಭದ್ರತಾ ಕಂಪನಿಯ ನೌಕರ, ರಾತ್ರಿ ಕಂಡವರ ಖಾತೆಗೆ ನುಗ್ಗುವವನು. ಮಾರ್ಫಿನ್ ಚಟ, ಮೈಗೆ ಯಾವಾಗಲೂ ಅದೇ ಕಪ್ಪು ಹೂಡಿ, ಇನ್ನೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಾರದ ಸಂಕಟ.

ಮೊದಲ ಕಂತಿನ ಮೊದಲ ದೃಶ್ಯವೊಂದೇ ಸಾಕು. ರಾನ್ಸ್ ಕಾಫಿ ಎಂಬ ಅಂಗಡಿ. ಎಲಿಯಟ್ ಮಾಲೀಕನ ಎದುರು ಹೋಗಿ ಕೂರುತ್ತಾನೆ. ‘ನಿನ್ನ ನಿಜವಾದ ಹೆಸರು ರೋಹಿತ್ ಮೆಹ್ತಾ’ ಎಂದು ಶುರುಮಾಡುತ್ತಾನೆ. ಅಂಗಡಿಯ ವೈಫೈ ಅನುಮಾನ ಬರುವಷ್ಟು ವೇಗವಾಗಿತ್ತಂತೆ; ಜಾಡು ಹಿಡಿದು ಹೋದರೆ ಸಿಕ್ಕಿದ್ದು ಮಕ್ಕಳ ಅಶ್ಲೀಲ ಚಿತ್ರಗಳ ಗುಪ್ತ ದಂಧೆ. ಬೆವತುಹೋದ ರೋಹಿತ್ ಹಣದ ಮಾತೆತ್ತುತ್ತಾನೆ. ಎಲಿಯಟ್‌ಗೆ ಹಣ ಬೇಡ. ಅವನು ಎದ್ದು ಹೋಗುತ್ತಿದ್ದ ಹಾಗೆ ಪೊಲೀಸರು ಒಳಗೆ ಬರುತ್ತಾರೆ.

ಕರ್ನಾಟಕದ ಹ್ಯಾಕಿಂಗ್ ಸುದ್ದಿಗಳಿಗೆ ಈ ಕಳೆಯಿಲ್ಲ. 2019ರಲ್ಲಿ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ ಹೋದದ್ದು ₹11 ಕೋಟಿಗೂ ಮೇಲೆ. ಆರೋಪ ಹೊತ್ತ ಬೆಂಗಳೂರಿನ ಯುವಕನನ್ನು 2020ರ ನವೆಂಬರ್‌ನಲ್ಲಿ ಸಿಸಿಬಿ ಪೊಲೀಸರು ಹಿಡಿದರು. ಆಮೇಲೆ ಬಿಟ್‌ಕಾಯಿನ್, ಪಕ್ಷಗಳ ಕೆಸರೆರಚಾಟ. ಅಲ್ಲಿ ಕೇಳಬೇಕಾದ ಪ್ರಶ್ನೆ ದುಡ್ಡು ಎಲ್ಲಿ ಹೋಯಿತು ಎನ್ನುವುದು. ಎಲಿಯಟ್ ಮುಂದಿಡುವ ಪ್ರಶ್ನೆ ಬೇರೆ: ಮಾಡಿದವನು ಯಾರು?

ಇಲ್ಲಿಂದ ಮುಂದೆ ಮೊದಲ ಸೀಸನ್ನಿನ ಗುಟ್ಟೊಂದನ್ನು ಒಡೆಯದೆ ಮಾತು ಬೆಳೆಯದು. ಎಲಿಯಟ್‌ನನ್ನು ಎಫ್‌ಸೊಸೈಟಿ ಎಂಬ ಗುಂಪಿಗೆ ಎಳೆದು ತರುವ ಮಿಸ್ಟರ್ ರೋಬೋಟ್ ಹೊರಗಿನವನಲ್ಲ; ಸತ್ತ ಅಪ್ಪನ ಮುಖ ಹೊತ್ತು ಎಲಿಯಟ್‌ನ ಒಳಗೇ ಎದ್ದು ನಿಂತ ಇನ್ನೊಬ್ಬ. ದೈತ್ಯ ಕಂಪನಿಯೊಂದರ ಸಾಲದ ದಾಖಲೆಗಳನ್ನೆಲ್ಲ ಅಳಿಸಿ ಜನರನ್ನು ಋಣಮುಕ್ತರನ್ನಾಗಿ ಮಾಡುವ ದಾಳಿ ನಡೆದೇಬಿಡುತ್ತದೆ, ಆದರೆ ನಡೆಸಿದ ನೆನಪು ಎಲಿಯಟ್‌ಗೆ ಇಲ್ಲ. ಸಾಲವೇನೋ ಹೋಯಿತು, ಜೊತೆಗೆ ಸಾಮಾನ್ಯರ ಕೈಯ ದುಡ್ಡೂ ಹೋಯಿತು. ನಗದಿಗೆ ಪರದಾಡುವ ಆ ನಗರವನ್ನು ತೋರಿಸಿದ ಎರಡನೇ ಸೀಸನ್ ಮುಗಿದದ್ದು 2016ರ ಸೆಪ್ಟೆಂಬರ್‌ನಲ್ಲಿ. ಎರಡು ತಿಂಗಳಿಗೆ ನಮ್ಮಲ್ಲಿ ನೋಟು ರದ್ದಾಯಿತು. ಮೂರನೇ ಸೀಸನ್ನಿನಲ್ಲಿ 71 ಕಟ್ಟಡಗಳು ಸ್ಫೋಟಗೊಂಡು ಸಾವಿರಾರು ಜನ ಸಾಯುತ್ತಾರೆ. ಯೋಜನೆ ಹೆಣೆದ ಕೈ ಎಲಿಯಟ್‌ನದೇ. ಪಾಪ ಯಾರದು?

ವಿರಾಟನಗರದಲ್ಲೂ ಇಂಥದೊಂದು ಪ್ರಸಂಗವಿದೆ. ಕತ್ತಲ ನಾಟ್ಯಶಾಲೆಯಲ್ಲಿ ಭೀಮ ಕೀಚಕನನ್ನು ಮುಗಿಸುತ್ತಾನೆ. ಕೊಂದದ್ದು ತನ್ನ ಗಂಧರ್ವ ಪತಿಗಳು ಎನ್ನುತ್ತಾಳೆ ಸೈರಂಧ್ರಿಯ ವೇಷದಲ್ಲಿರುವ ದ್ರೌಪದಿ. ಊರಿಗೆ ಊರೇ ಕಾಣದ ಗಂಧರ್ವರಿಗೆ ಹೆದರಿ ನಡುಗುತ್ತದೆ. ಆದರೆ ಬಾಣಸಿಗ ವಲಲನ ಮನಸ್ಸಿನಲ್ಲಿ ಗೊಂದಲವಿಲ್ಲ: ಕೊಂದವನು ತಾನು, ತಾನು ಭೀಮ. ಸುಳ್ಳು ಊರಿಗೆ ಹೇಳಿದ್ದೇ ಹೊರತು ತನಗೆ ಹೇಳಿಕೊಂಡದ್ದಲ್ಲ. ಎಲಿಯಟ್‌ನ ಗಂಧರ್ವ ಅವನಿಗೇ ಸುಳ್ಳು ಹೇಳುತ್ತಾನೆ.

ಇಲ್ಲಿ ವೇದಾಂತ ನೆರವಿಗೆ ಬಂದೀತೇ? ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ (1932) ಅದ್ವೈತದ ಸಾಕ್ಷಿ ಎಂಬ ಪರಿಕಲ್ಪನೆಯನ್ನು ವಿವರಿಸಿದ್ದಾರೆ. ಮಾಡುವವನು, ಉಣ್ಣುವವನು ಜೀವ. ಅದನ್ನೆಲ್ಲ ಬರಿದೆ ಬೆಳಗುವ ಅರಿವು ಸಾಕ್ಷಿ. ಆ ಪ್ರಕಾರ ಎಲಿಯಟ್ ಆಗಲಿ ಮಿಸ್ಟರ್ ರೋಬೋಟ್ ಆಗಲಿ ಕೊನೆಯ ‘ನಾನು’ ಅಲ್ಲ. ಸೊಗಸಾದ ಉತ್ತರ; ಆದರೆ 71 ಕಟ್ಟಡಗಳ ಅವಶೇಷದ ಮುಂದೆ ನಿಂತು ಹೇಳಲು ಬಾಯಿ ಬಾರದ ಉತ್ತರ. ಮಾಡುವವನಾದ ಜೀವನಿಗೆ ಕರ್ಮಫಲ ತಪ್ಪದು ಎಂದು ಅದ್ವೈತಿಗಳೂ ಒಪ್ಪುತ್ತಾರೆ ಎನ್ನುವುದನ್ನು ಮರೆಯುವ ಹಾಗಿಲ್ಲ.

ಉಡುಪಿಯ ಕಡೆಯಿಂದ ನೋಡಿದರೆ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಮಧ್ವಾಚಾರ್ಯರಿಗೆ ಸಾಕ್ಷಿ ಎಂದರೆ ಜೀವನ ಸ್ವರೂಪದಲ್ಲೇ ಇರುವ ಇಂದ್ರಿಯ. ಕಣ್ಣು ಮೋಸಹೋಗಬಹುದು, ಮನಸ್ಸು ತಪ್ಪು ಹೇಳಬಹುದು, ಸಾಕ್ಷಿಯ ತೀರ್ಪು ತಪ್ಪುವುದಿಲ್ಲ. ಜೀವ ಭಗವಂತನ ಅಧೀನನಾದರೂ ಕರ್ತೃವೇ ಹೌದು. ಹಾಗಾದರೆ ತನ್ನ ನೆನಪೇ ತನ್ನದಲ್ಲದ ಎಲಿಯಟ್‌ನ ಒಳಗೆ ಆ ಸಾಕ್ಷಿ ಎಲ್ಲಿ ಕೂತಿದೆ? ದ್ವೈತಿಗಳು ‘ಮೋಸಹೋದದ್ದು ಮನಸ್ಸು, ಸಾಕ್ಷಿಯಲ್ಲ’ ಎನ್ನುತ್ತಾರೆ. ಆ ಉತ್ತರವನ್ನು ಧಾರಾವಾಹಿ ಅರ್ಧ ಒಪ್ಪುವ ಹಾಗಿದೆ. ಎಲಿಯಟ್ ಮೊದಲಿನಿಂದಲೂ ನೋಡುಗನನ್ನು ಗೆಳೆಯ ಎಂದು ಕರೆದು ಮಾತಾಡುತ್ತಾನೆ. ಅಪ್ಪನ ಗುಟ್ಟು ಬಯಲಾದಾಗ ಆ ಗೆಳೆಯನ ಮೇಲೆಯೇ ಹರಿಹಾಯುತ್ತಾನೆ: ನಿನಗೆ ಗೊತ್ತಿತ್ತು, ಯಾಕೆ ಹೇಳಲಿಲ್ಲ? ಸೋಫಾದ ಮೇಲೆ ಕುರುಕಲು ತಿನ್ನುತ್ತಾ ಕೂತವರು ಸಾಕ್ಷಿಯ ಸ್ಥಾನದಲ್ಲಿ ಕಟಕಟೆ ಹತ್ತುವ ಗಳಿಗೆ ಅದು.

ಮತ್ತೆ ಬನ್ನಿಮರದ ಬುಡಕ್ಕೆ. ಗೋಗ್ರಹಣದ ದಿನ ಬೃಹನ್ನಳೆ ಉತ್ತರಕುಮಾರನನ್ನು ಮರ ಹತ್ತಿಸಿ ಬಿಲ್ಲು ಇಳಿಸುತ್ತಾಳೆ, ತಾನೇ ಅರ್ಜುನ ಎನ್ನುತ್ತಾಳೆ. ಹುಡುಗ ನಂಬುವುದಿಲ್ಲ. ಅರ್ಜುನನಿಗೆ ಹತ್ತು ಹೆಸರಿವೆಯಂತೆ, ಹೇಳು. ಯಾಕೆ ಬಂದವು ಅದನ್ನೂ ಹೇಳು ಎಂದು ಪಟ್ಟುಹಿಡಿಯುತ್ತಾನೆ. ಗುಡುಗಿಗೆ ಬೆಚ್ಚಿದ ಮಕ್ಕಳಿಂದ ಅಜ್ಜಿಯರು ಹೇಳಿಸುತ್ತಿದ್ದ ಹೆಸರುಗಳು ಇವೇ. ಅರ್ಜುನ ಒಂದೊಂದರ ಹಿಂದಿನ ಕಾರಣವನ್ನೂ ಬಿಡಿಸಿ ಹೇಳಿದ ಮೇಲೆ ಉತ್ತರ ಕೈಮುಗಿಯುತ್ತಾನೆ. ಪಾಸ್‌ವರ್ಡ್ ಕದಿಯಬಹುದು, ಹೆಸರು ಬಂದ ಬಗೆಯನ್ನು ಹೇಳಬಲ್ಲವನು ಅದನ್ನು ಬಾಳಿದವನು ಮಾತ್ರ. ಎಲಿಯಟ್ ಎಷ್ಟೋ ಜನರ ಪಾಸ್‌ವರ್ಡ್ ಬಲ್ಲ. ತನ್ನೊಳಗಿನ ಹೆಸರು ಯಾಕೆ ಬಂತು ಎಂದು ಅವನಿಗೆ ತಿಳಿಯದು.

ಅದು ತಿಳಿಯುವುದು ನಾಲ್ಕನೇ ಸೀಸನ್ನಿನ ಏಳನೇ ಕಂತಿನಲ್ಲಿ. ನಾಟಕದ ಹಾಗೆ ಐದು ಅಂಕ, ಕೆಲವೇ ಪಾತ್ರ, ಹೆಚ್ಚೂಕಡಿಮೆ ಒಂದೇ ಮನೆಯೊಳಗೆ ಮಾತು. ರಂಗಾಯಣದಲ್ಲಿ ನಾಟಕ ನೋಡಿ ಬೆಳೆದವರಿಗೆ ಇದು ತಕ್ಷಣ ಹಿಡಿಸುತ್ತದೆ. ಎರಡನೇ ಸೀಸನ್ನಿನ ಮೊದಲರ್ಧ ಎಳೆದಿದೆ ನಿಜ. ಅಲ್ಲಿಗೇ ಬಿಟ್ಟವರು ಬಹಳ. ಆತ್ಮಹತ್ಯೆ, ಮಾದಕವಸ್ತು, ಮಕ್ಕಳ ಮೇಲಿನ ದೌರ್ಜನ್ಯ ಎಲ್ಲವೂ ಕಥೆಯ ಒಳಗೇ ಇರುವುದರಿಂದ ಮನೆಮಂದಿಯೆಲ್ಲ ಕೂತು ನೋಡುವ ಧಾರಾವಾಹಿಯಲ್ಲ. ಕೊನೆಯ ಕಂತಿನಲ್ಲಿ ‘ನಾನು’ ಎನ್ನುವುದರ ಲೆಕ್ಕ ಇನ್ನೊಮ್ಮೆ ತಲೆಕೆಳಗಾಗುತ್ತದೆ, ಅದನ್ನು ಇಲ್ಲಿ ಬಿಟ್ಟುಕೊಡುವುದು ಅನ್ಯಾಯ. ಅದ್ವೈತಿ, ದ್ವೈತಿ ಗೆಳೆಯರಿಬ್ಬರು ಅಕ್ಕಪಕ್ಕ ಕೂತು ನೋಡಿದರೆ ಆ ಕಂತು ಮುಗಿದ ಮೇಲೂ ರಾತ್ರಿಯಿಡೀ ಜಗಳವಾಡುವಷ್ಟು ಸರಕಿದೆ.