ಜಯಿಸಿದವರೂ ಸೋತವರೂ

ಬಹುಜನರು ಒಪ್ಪಿದುದೆಲ್ಲವೂ ಸತ್ಯವೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಆದರೂ ಪ್ರಜಾಪ್ರಭುತ್ವವು ನಡೆಯಬೇಕಾದರೆ ಬಹುಜನರ ಮಾತು ನಿಲ್ಲಲೇಬೇಕು. ಈ ಎರಡರ ನಡುವಣ ಇಕ್ಕಟ್ಟಿನಲ್ಲಿ ಸಿಕ್ಕಿದ ಜನಾಂಗದ ಮನಸ್ಸು ಹೇಗೆ ವರ್ತಿಸುವುದೆಂಬುದಕ್ಕೆ, ಬ್ರಿಟನ್ ದೇಶವು ಯೂರೋಪಿಯನ್ ಒಕ್ಕೂಟವನ್ನು ತ್ಯಜಿಸಿದ ವೃತ್ತಾಂತವು ತಕ್ಕ ನಿದರ್ಶನವಾಗಿದೆ.

ಆ ದೇಶವು ಆಗಿನ ಯೂರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿದುದು 1973ರಲ್ಲಿ. 1975ರಲ್ಲಿ ಜನಾಭಿಪ್ರಾಯವನ್ನು ಕೇಳಿದಾಗ ಮತವಿತ್ತ ಮೂವರಲ್ಲಿ ಇಬ್ಬರು ಇರೋಣವೆಂದರು. 2016ನೆಯ ಇಸವಿ ಜೂನ್ 23ರಂದು ಪುನಃ ಕೇಳಲಾಗಿ, ನೂರಕ್ಕೆ 51.9 ಮಂದಿ ಬಿಡೋಣವೆಂದರು, 48.1 ಮಂದಿ ಇರೋಣವೆಂದರು. ಮರುದಿನ ಒಂದು ಮನೆಯಲ್ಲಿ ಹಬ್ಬ, ಪಕ್ಕದ ಮನೆಯಲ್ಲಿ ಸೂತಕ. ಪ್ರಧಾನಿ ಡೇವಿಡ್ ಕ್ಯಾಮರನ್ ಪದತ್ಯಾಗವನ್ನು ಸಾರಿದರು. ಪೌಂಡಿನ ಬೆಲೆ ಡಾಲರಿನೆದುರು ಮೂವತ್ತೊಂದು ವರ್ಷಗಳಲ್ಲಿ ಕಾಣದಷ್ಟು ಇಳಿಯಿತು.

ಸೋತವರಲ್ಲಿ ಕೆಲವರು ಗೆದ್ದವರನ್ನು ಅಜ್ಞರೆಂದೂ ಮೋಸಹೋದವರೆಂದೂ ಕರೆದರು. ತರುಣರು, ಹಿರಿಯರು ತಮ್ಮ ಭವಿಷ್ಯವನ್ನು ಕಸಿದರೆಂದು ಕೊರಗಿದರು. ಕೊರಗು ನಿಷ್ಕಾರಣವಾದುದಲ್ಲ, ಫಲವನ್ನು ಹೆಚ್ಚು ಕಾಲ ಉಣ್ಣಬೇಕಾದವರು ಅವರೇ, ಹದಿನಾರು ಹದಿನೇಳರ ವಯಸ್ಸಿನವರಿಗಂತೂ ಮತವೇ ಇರಲಿಲ್ಲ. ಆದರೆ ಆ ಹಿರಿಯರೇ 1975ರಲ್ಲಿ ತರುಣರಾಗಿ ಮತವಿತ್ತವರು. ನಾಲ್ವತ್ತು ವರ್ಷಗಳ ಅನುಭವದ ಮೇಲೆ ಹೇಳಿದ ಮಾತು ತಪ್ಪಾಗಿರಬಹುದು, ಅಜ್ಞಾನವೆನ್ನುವುದು ಸಲ್ಲದು. ಇನ್ನೊಂದು ವಿಚಿತ್ರವುಂಟು: ಲಂಡನ್ನಿನಲ್ಲಿ ಉದ್ಯೋಗಕ್ಕಿದ್ದ ಧಾರವಾಡದ ತರುಣನಿಗೆ, ಕಾಮನ್‌ವೆಲ್ತ್ ಪ್ರಜೆಯೆಂಬ ಕಾರಣದಿಂದ, ಮತದ ಹಕ್ಕಿದ್ದಿತು, ಅಲ್ಲಿಯೇ ಮದುವೆಯಾಗಿ ಮಕ್ಕಳನ್ನು ಬೆಳೆಸಿದ ಫ್ರಾನ್ಸಿನ ಪ್ರಜೆಗೆ ಇರಲಿಲ್ಲ.

ಗೆದ್ದವರ ನಡತೆಯೂ ಶ್ಲಾಘ್ಯವಾಗಿರಲಿಲ್ಲ. ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ನಿರ್ಗಮನದ ಸೂಚನೆಯನ್ನು ಕೊಡಲಾಗದೆಂದು ಮೂವರು ನ್ಯಾಯಾಧೀಶರು 2016ರ ನವೆಂಬರಿನಲ್ಲಿ ತೀರ್ಪಿತ್ತಾಗ, ಪತ್ರಿಕೆಯೊಂದು ಮೊದಲ ಪುಟದಲ್ಲಿಯೇ ಅವರನ್ನು ಪ್ರಜೆಗಳ ಶತ್ರುಗಳೆಂದು ಸಾರಿತು. ಅವರು ಬಿಡಬೇಡಿರೆಂದು ಹೇಳಿರಲಿಲ್ಲ, ಬಿಡುವ ಕ್ರಮವನ್ನು ಮಾತ್ರ ಹೇಳಿದ್ದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಎಲ್ಲಕ್ಕಿಂತಲೂ ಚಿಂತನೀಯವಾದುದು ಒಂದು ಮನವಿಯ ಕಥೆ. ಗೆದ್ದ ಪಕ್ಷಕ್ಕೆ ನೂರಕ್ಕೆ ಅರುವತ್ತು ಬಾರದಿದ್ದು, ಮತವಿತ್ತವರ ಸಂಖ್ಯೆಯು ಎಪ್ಪತ್ತೈದನ್ನು ಮುಟ್ಟದಿದ್ದರೆ ಮರಳಿ ಮತ ಕೇಳಬೇಕೆಂಬುದು ಅದರ ಸಾರ. ಅದಕ್ಕೆ ನಾಲ್ವತ್ತು ಲಕ್ಷಕ್ಕೂ ಮಿಕ್ಕಿ ರುಜುಗಳು ಬಿದ್ದುವು. ಹಾಕಿದವರು ಬಹುಮಟ್ಟಿಗೆ ಸೋತವರು. ಆದರೆ ಅದನ್ನು ಆರಂಭಿಸಿದವನು ಬಿಡೋಣವೆಂಬ ಪಕ್ಷದವನು! ತನ್ನ ಪಕ್ಷವು ಸೋಲುವುದೆಂಬ ಭಯದಿಂದ ಮತದಾನಕ್ಕೆ ಮುಂಚೆಯೇ, ಮೇ ತಿಂಗಳಲ್ಲಿ, ಬರೆದಿಟ್ಟಿದ್ದನು. ಆ ಪಕ್ಷದ ಮುಖಂಡ ನೈಜೆಲ್ ಫರಾಜ್ ಕೂಡ ಅದೇ ತಿಂಗಳಲ್ಲಿ, ತಾವು 52ಕ್ಕೆ 48ರಂತೆ ಸೋತರೆ ವಿಷಯವು ಮುಗಿದಂತಾಗದೆಂದಿದ್ದರು. ಅಂಕಿಗಳು ಹಾಗೆಯೇ ಬಂದುವು, ಪಕ್ಷ ಮಾತ್ರ ಅದಲುಬದಲಾಯಿತು. ವಿಷಯವು ಮುಗಿದೇ ಹೋಯಿತೆಂದು ಅವರಿಗೆ ತೋರಿತು. ಫಲವನ್ನು ಕಂಡಮೇಲೆ ನಿಯಮವನ್ನು ಆರಿಸಿಕೊಳ್ಳುವವನಿಗೆ ನ್ಯಾಯ ಬೇಕಿಲ್ಲ, ಗೆಲುವು ಬೇಕು. ಈ ದೋಷದಲ್ಲಿ ಎರಡು ಪಕ್ಷಗಳೂ ಸಮಭಾಗಿಗಳು.

ನ್ಯಾಯಶಾಸ್ತ್ರಜ್ಞರು ವಾದ, ಜಲ್ಪ, ವಿತಂಡೆಯೆಂದು ಮೂರು ಬಗೆಯ ಕಥೆಗಳನ್ನು ಹೇಳುವರು. ತತ್ತ್ವವನ್ನು ತಿಳಿಯಲೆಂದು ನಡೆಯುವುದು ವಾದ. ಗೆಲ್ಲಲೆಂದು ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡವುವುದೇ ವಿತಂಡೆ. ಎದುರಾಳಿಯ ಪೂರ್ವಪಕ್ಷವನ್ನು ಅವನೇ ಮೆಚ್ಚುವಂತೆ ಹೇಳಲಾರದವನಿಗೆ ಸಿದ್ಧಾಂತದ ಅಧಿಕಾರವಿಲ್ಲವೆಂಬುದು ಪಂಡಿತರ ಸಂಪ್ರದಾಯ. ಆ ಒರೆಗಲ್ಲಿಗೆ ಹಚ್ಚಿದರೆ, ಲಿಂಕನ್‌ಶೈರಿನ ಬಾಸ್ಟನ್ ಊರಿನಲ್ಲಿ ನೂರಕ್ಕೆ 75.6 ಮಂದಿ ಬಿಡೋಣವೆಂದುದೇಕೆಂದು ಲಂಡನ್ನಿನ ಲ್ಯಾಂಬೆತ್ತಿನವರು ಹೇಳಬಲ್ಲವರಾಗಿರಬೇಕು, ಲ್ಯಾಂಬೆತ್ತಿನ 78.6 ಮಂದಿ ಇರೋಣವೆಂದುದೇಕೆಂದು ಬಾಸ್ಟನ್ನಿನವರು ಹೇಳಬಲ್ಲವರಾಗಿರಬೇಕು. ಮತಪತ್ರದಲ್ಲಿದ್ದುದು ಬಿಡುವುದೋ ಇರುವುದೋ ಎಂಬುದಷ್ಟೇ. ಹೇಗೆ ಬಿಡುವುದೆಂಬುದು ಅಲ್ಲಿರಲಿಲ್ಲ. ಆ ವಿಚಾರದಲ್ಲಿ ಸೋತವರನ್ನೂ ಕೇಳುವುದಕ್ಕೆ ಗೆದ್ದವರಿಗೆ ಅಡ್ಡಿಯೇನೂ ಇರಲಿಲ್ಲ. ಮೂರೂವರೆ ವರ್ಷಗಳು ಜಲ್ಪದಲ್ಲಿಯೇ ಕಳೆದುವು.

2020ರ ಜನವರಿ 29ರಂದು ಯೂರೋಪಿಯನ್ ಪಾರ್ಲಿಮೆಂಟು ನಿರ್ಗಮನದ ಒಪ್ಪಂದವನ್ನು ಅಂಗೀಕರಿಸಿತು. ಫರಾಜರ ಪಕ್ಷದವರು ಪುಟ್ಟ ಬಾವುಟಗಳನ್ನು ಬೀಸಿದರು. ಅಧ್ಯಕ್ಷಪೀಠದಲ್ಲಿದ್ದಾಕೆ ಅದನ್ನು ತಡೆದರು. ಬಳಿಕ ಉಳಿದ ಸದಸ್ಯರು ಎದ್ದು ನಿಂತು, ಕೈಕೈ ಹಿಡಿದು, ಬೀಳ್ಕೊಡುವಾಗ ಹಾಡುವ ಹಳೆಯ ಹಾಡೊಂದನ್ನು ಹಾಡಿದರು. ಕೆಲವರ ಕಣ್ಣುಗಳು ತುಂಬಿದ್ದುವು. ಆ ಹಾಡು ಸ್ಕಾಟ್ಲೆಂಡಿನದು. ಆ ನಾಡಿನಲ್ಲಿ ನೂರಕ್ಕೆ 62 ಮಂದಿ ಇರೋಣವೆಂದು ಮತವಿತ್ತಿದ್ದರು.